ಜಿನೀವಾದವರು ನಮ್ಮ ಡೀಸೆಲ್ ಸಬ್ಸಿಡಿ ನಿಲ್ಲಿಸಬಹುದಾ?

ಪಡುಕೆರೆ_ಹುಡುಗ

ನಮ್ಮದು ಮಲ್ಪೆಯಲ್ಲಿ ಬಲೆ ಎಳೆದು ಮೀನು ಹಿಡಿಯುವ ಒಂದು ಟ್ರಾಲ್ ಬೋಟ್ ಉಂಟು. ಅಪ್ಪ, ಚಿಕ್ಕಪ್ಪ ಸೇರಿ ಮಾಡಿದ್ದು. ನಾನು ಕಡಲಿಗೆ ಹೋಗುವವನಲ್ಲ, ಆದರೆ ಬೋಟಿನ ಲೆಕ್ಕ, ಡೀಸೆಲ್ ಪಾಸ್‌ಬುಕ್, ಬ್ಯಾಂಕಿನ ಸಾಲ ಎಲ್ಲ ನನ್ನ ತಲೆಯ ಮೇಲೆ. ಈಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಾ ಉಂಟು. 2025ರ ಸೆಪ್ಟೆಂಬರ್ 15ರಿಂದ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಯ (ಡಬ್ಲ್ಯುಟಿಒ) ಹೊಸ ಕಾನೂನು ಜಾರಿಗೆ ಬಂದಿದೆಯಂತೆ, ಇನ್ನು ಯಾವ ಸರಕಾರವೂ ಮೀನುಗಾರರಿಗೆ ಸಬ್ಸಿಡಿ ಕೊಡುವ ಹಾಗಿಲ್ಲವಂತೆ, ಕರರಹಿತ ಡೀಸೆಲ್ ಬಂದ್ ಅಂತೆ, ಕೊಟ್ಟರೆ ಭಾರತಕ್ಕೆ ದಂಡ ಅಂತೆ.

ಒಂದು ಟ್ರಿಪ್ಪಿಗೆ ಆಗುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ಲಿಗೇ ಹೋಗುತ್ತದೆ. ಮತ್ಸ್ಯಕ್ಷಾಮ ಅಂತ ಮೊದಲೇ ಒದ್ದಾಡುತ್ತಿದ್ದೇವೆ. ಇದು ಹೋದರೆ ಬೋಟನ್ನು ಬಂದರಿನ ಧಕ್ಕೆಯಲ್ಲಿ ಕಟ್ಟಿ ಹಾಕುವುದೇ ಸೈ.

ನನಗೆ ಅರ್ಥ ಆಗದ್ದು ಏನೆಂದರೆ, ಈ ಜಿನೀವಾದವರು ಯಾರು? ಇವರನ್ನು ಯಾರು ಆರಿಸಿದ್ದು? ನಾವು ಕೇಳುವುದಿಲ್ಲ ಅಂದರೆ ಅವರು ಮಾಡುವುದಾದರೂ ಎಂತ, ಪೊಲೀಸ್ ಕಳಿಸುತ್ತಾರಾ? ತಮಾಷೆಗೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.


ಬಂದರು_ವಕೀಲ

ಮೆಸೇಜಿನಲ್ಲಿ ತಾರೀಖು ಸರಿ ಉಂಟು. ಉಳಿದದ್ದು ಗಾಳಿಸುದ್ದಿ.

ನಡೆದದ್ದು ಇಷ್ಟು. ಮೀನುಗಾರಿಕೆ ಸಬ್ಸಿಡಿಗೆ ಕಡಿವಾಣ ಹಾಕಬೇಕು ಅಂತ ಡಬ್ಲ್ಯುಟಿಒದಲ್ಲಿ ಮಾತುಕತೆ ಶುರುವಾದದ್ದು 2001ರಲ್ಲಿ, ದೋಹಾದಲ್ಲಿ. ಒಪ್ಪಂದದ ಮೊದಲ ಭಾಗ ಒಂದು ರೂಪಕ್ಕೆ ಬರುವಾಗ 2022ರ ಜೂನ್ 17 ಆಗಿತ್ತು. ಇಪ್ಪತ್ತೊಂದು ವರ್ಷ! ಅಷ್ಟಕ್ಕೇ ಅದು ಕಾನೂನು ಆಗುವುದಿಲ್ಲ. ಒಟ್ಟು 166 ಸದಸ್ಯರು, ಅವರಲ್ಲಿ ಮೂರನೇ ಎರಡು ಪಾಲು, ಅಂದರೆ 111 ಸದಸ್ಯರು, ತಮ್ಮ ತಮ್ಮ ದೇಶದಲ್ಲಿ ಒಪ್ಪಿಗೆ ಪಡೆದು ಪತ್ರ ಸಲ್ಲಿಸಬೇಕು. 2025ರ ಸೆಪ್ಟೆಂಬರ್ 15ಕ್ಕೆ ಬ್ರೆಜಿಲ್, ಕೀನ್ಯಾ, ವಿಯೆಟ್ನಾಂ, ಟೊಂಗಾ ಒಟ್ಟಿಗೆ ಪತ್ರ ಕೊಟ್ಟವು, ಸಂಖ್ಯೆ ತುಂಬಿತು, ಜಾರಿಗೆ ಬಂತು. ಅಮೆರಿಕ, ಚೀನಾ, ಜಪಾನ್, ಯುರೋಪಿನ ಒಕ್ಕೂಟ ಎಲ್ಲ 2023ರಲ್ಲೇ ಕೊಟ್ಟಾಗಿತ್ತು. ಭಾರತ ಕೊಟ್ಟಿಲ್ಲ.

ಮುಖ್ಯ ವಿಷಯ ಇಲ್ಲೇ ಇರುವುದು. ಪತ್ರ ಕೊಟ್ಟವರಿಗೆ ಮಾತ್ರ ಅದು ಅನ್ವಯ. ನಾವು ಕೊಡದಿದ್ದರೆ ಆ ಒಪ್ಪಂದದ ಹೆಸರಿನಲ್ಲಿ ನಮ್ಮ ಮೇಲೆ ಯಾರೂ ಕೇಸು ಹಾಕಲು ಬರುವುದಿಲ್ಲ. 111 ಜನ ಸೇರಿ ನಮಗೂ ಸೇರಿಸಿ ಕಾನೂನು ಮಾಡಿಬಿಟ್ಟರು ಅನ್ನುವುದು ಆಗದ ಮಾತು. ದೇಶಗಳ ನಡುವಿನ ಕಾನೂನು ಹಾಗೆ ನಡೆಯುವುದಿಲ್ಲ. ಪಾರ್ಲಿಮೆಂಟಿನಲ್ಲಿ ಬಹುಮತ ಬಂದರೆ ವಿರೋಧ ಮಾಡಿದವನಿಗೂ ಕಾನೂನು ತಾಗುತ್ತದೆ, ಇಲ್ಲಿ ಹಾಗಿಲ್ಲ.

ಇನ್ನು ಅದರೊಳಗೆ ಎಂತ ಉಂಟು? ಕಳ್ಳತನದಿಂದ, ಲೆಕ್ಕ ಕೊಡದೆ, ನಿಯಮ ಮೀರಿ ಮೀನು ಹಿಡಿಯುವ ಹಡಗಿಗೆ ಸರಕಾರ ದುಡ್ಡು ಕೊಡಬಾರದು. ಈಗಾಗಲೇ ಬರಿದಾಗಿದೆ ಅಂತ ಗುರುತಿಸಿದ ಮೀನಿನ ಸಂತತಿಯನ್ನು ಹಿಡಿಯಲು ಕೊಡಬಾರದು, ಅದನ್ನು ಚೇತರಿಸಲು ಕ್ರಮ ತೆಗೆದುಕೊಂಡಿದ್ದರೆ ಕೊಡಬಹುದು. ಯಾರ ನಿಯಂತ್ರಣವೂ ಇಲ್ಲದ ನಡುಸಮುದ್ರದಲ್ಲಿ ಹಿಡಿಯಲು ಕೊಡಬಾರದು. ಇಷ್ಟೇ. ಸಿಗಡಿ ಕೆರೆ, ಒಳನಾಡು ಮೀನುಗಾರಿಕೆ ಇದರಲ್ಲಿ ಬರುವುದೇ ಇಲ್ಲ. ಡೀಸೆಲ್ ಸಬ್ಸಿಡಿ ಅಂತ ಹೆಸರು ಹಿಡಿದು ಎಲ್ಲೂ ನಿಷೇಧ ಮಾಡಿಲ್ಲ.

ಡೀಸೆಲ್ ವಿಷಯ ಬರುವುದು ಎರಡನೇ ಭಾಗದಲ್ಲಿ. ಬೋಟು ಕಟ್ಟಲು, ಎಂಜಿನ್ ಹಾಕಲು, ಇಂಧನಕ್ಕೆ ಕೊಡುವ ದುಡ್ಡಿನಿಂದ ಅಗತ್ಯಕ್ಕಿಂತ ಜಾಸ್ತಿ ಬೋಟುಗಳು ಕಡಲಿಗೆ ಇಳಿಯುತ್ತವೆ, ಅದನ್ನು ತಡೆಯಬೇಕು ಅನ್ನುವುದು ಆ ಭಾಗ. ಅದು ಇನ್ನೂ ಆಗಿಲ್ಲ. 2024ರಲ್ಲಿ ಅಬುಧಾಬಿಯಲ್ಲಿ ಮಂತ್ರಿಗಳ ಸಭೆ ಆಯಿತು, ಅಲ್ಲೂ ಮುರಿದು ಬಿತ್ತು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ನಾವೇ. ಬಡ ದೇಶಗಳಿಗೆ 25 ವರ್ಷ ಸಮಯ ಕೊಡಿ, ದೂರದ ಸಮುದ್ರಕ್ಕೆ ಹಡಗು ಕಳಿಸುವ ಶ್ರೀಮಂತ ದೇಶಗಳು ಮೊದಲು ನಿಲ್ಲಿಸಲಿ ಅಂತ ಭಾರತ ಪಟ್ಟು ಹಿಡಿದಿದೆ. 2022ರ ಜಿನೀವಾ ಸಭೆಯಲ್ಲಿ ವಾಣಿಜ್ಯ ಮಂತ್ರಿ ಪಿಯೂಷ್ ಗೋಯಲ್ ಕೊಟ್ಟ ಲೆಕ್ಕ ನೆನಪಿರಬಹುದು. ನಮ್ಮಲ್ಲಿ ಒಂದು ಮೀನುಗಾರ ಕುಟುಂಬಕ್ಕೆ ವರ್ಷಕ್ಕೆ ಬರೀ 15 ಡಾಲರ್ ಸಬ್ಸಿಡಿ, ಕೆಲವು ದೇಶಗಳಲ್ಲಿ 42,000, 65,000, 75,000 ಡಾಲರ್ ವರೆಗೆ. ಲೆಕ್ಕ ಹಾಕುವ ಕ್ರಮದ ಬಗ್ಗೆ ಜಗಳ ಮಾಡಬಹುದು, ಆದರೆ ವ್ಯತ್ಯಾಸ ಸಣ್ಣದಲ್ಲ ಅಲ್ವಾ.

ಡಬ್ಲ್ಯುಟಿಒದಲ್ಲಿ ಕೈ ಎತ್ತಿ ಓಟು ಹಾಕುವ ಪದ್ಧತಿ ಇಲ್ಲ. ಸಭೆಯಲ್ಲಿ ಕೂತ ಯಾರೂ ಎದ್ದು ಬೇಡ ಅನ್ನದಿದ್ದರೆ ಪಾಸ್. ಒಬ್ಬ ಬೇಡ ಅಂದರೆ ನಿಂತಿತು. ಹಾಗಾಗಿ ಎರಡನೇ ಭಾಗ ನಮ್ಮ ತಲೆಯ ಮೇಲಿಂದ ಹಾರಿ ಬರಲಾರದು. ಸದ್ಯಕ್ಕೆ ಅಪ್ಪನಿಗೆ ಹೇಳಿ, ನಿದ್ದೆ ಮಾಡಲಿ.


ಪಡುಕೆರೆ_ಹುಡುಗ

ಥ್ಯಾಂಕ್ಸ್ ಸರ್, ಇಷ್ಟು ಯಾರೂ ಹೇಳಿರಲಿಲ್ಲ. ಆದರೆ ಇನ್ನೊಂದು ಸಂಶಯ. ಬೇಡ ಅಂದರೆ ಏನೂ ಆಗುವುದಿಲ್ಲ ಅಂತಾದರೆ ಎಲ್ಲರೂ ಎಲ್ಲದಕ್ಕೂ ಬೇಡ ಅನ್ನಬಹುದಲ್ಲ. ಮತ್ತೆ ಅಲ್ಲಿ ಹೋಗಿ ಕೂರುವುದು ಯಾಕೆ?


ಹೊಯ್ಗೆಬಜಾರ್_ಐಸ್

ವಕೀಲರು ಹೇಳಿದ್ದು ಕಾಗದದ ಮಟ್ಟಿಗೆ ಸರಿ. ನಾನು ಮೀನು ಕಳಿಸುವ ಕಡೆಯವನು, ನನಗೆ ಕಾಣುವುದು ಬೇರೆ.

ಆಮೆ ಕೇಸು ಕೇಳಿದ್ದೀರಾ? ಸಿಗಡಿ ಹಿಡಿಯುವ ಟ್ರಾಲ್ ಬಲೆಯಲ್ಲಿ ಕಡಲಾಮೆ ಸಿಕ್ಕಿ ಸಾಯುತ್ತದೆ ಅಂತ ಅಮೆರಿಕ 1989ರಲ್ಲಿ ಒಂದು ಕಾನೂನು ಮಾಡಿತು. ಬಲೆಗೆ ಆಮೆ ಹೊರಗೆ ಹೋಗುವ ಕಿಂಡಿ ಹಾಕದ ದೇಶದ ಸಿಗಡಿ ನಮಗೆ ಬೇಡ ಅಂತ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ನಾಲ್ಕು ದೇಶ ಸೇರಿ ಡಬ್ಲ್ಯುಟಿಒದಲ್ಲಿ ಕೇಸು ಹಾಕಿದವು. ಭಾರತ ಪಾಕಿಸ್ತಾನ ಒಂದೇ ಪಕ್ಷದಲ್ಲಿ, ನೋಡಿ. 1998ರಲ್ಲಿ ಗೆದ್ದವು ಕೂಡ. ಆದರೆ ಆ ಗೆಲುವು ಹೇಗಿತ್ತು ಅಂದರೆ, ಆಮೆ ಉಳಿಸುವುದು ತಪ್ಪಲ್ಲ, ಆದರೆ ನೀವು ಕೆಲವು ದೇಶಗಳಿಗೆ ಜಾಸ್ತಿ ಸಮಯ, ಸಹಾಯ ಕೊಟ್ಟು ಇವರಿಗೆ ಕೊಡಲಿಲ್ಲ, ಆ ತಾರತಮ್ಯ ತಪ್ಪು ಅಂತ ಹೇಳಿದರು. ಅಮೆರಿಕ ಆ ತಾರತಮ್ಯ ಸರಿ ಮಾಡಿತು, ಕಾನೂನು ಹಾಗೇ ಇಟ್ಟುಕೊಂಡಿತು. ಮಲೇಷ್ಯಾ 2001ರಲ್ಲಿ ಪುನಃ ಹೋಗಿ ಸೋತಿತು.

ಅದರ ಬಾಲ ಇವತ್ತಿಗೂ ಉಂಟು. ಕಡಲಲ್ಲಿ ಹಿಡಿದ ನಮ್ಮ ಸಿಗಡಿ ಕೆಲವು ವರ್ಷಗಳಿಂದ ಅಮೆರಿಕಕ್ಕೆ ಹೋಗುತ್ತಿಲ್ಲ. ಹೋಗುವುದು ಹೆಚ್ಚಾಗಿ ಆಂಧ್ರದ ಕಡೆಯ ಕೆರೆಯಲ್ಲಿ ಸಾಕಿದ ವನ್ನಾಮಿ ಸಿಗಡಿ. ಕಿಂಡಿ ಹಾಕಿ ಅಂತ ಇಲಾಖೆಯವರು ಈಗ ದುಡ್ಡು ಕೊಟ್ಟು ಹಾಕಿಸುತ್ತಿದ್ದಾರೆ, ನಮ್ಮ ಬೋಟಿನವರು ಮೀನೂ ಆ ಕಿಂಡಿಯಲ್ಲೇ ಹೋಗುತ್ತದೆ ಅಂತ ಗೊಣಗುತ್ತಿದ್ದಾರೆ.

ಯುರೋಪಿನದು ಇನ್ನೂ ಕಡಕ್. 2010ರಿಂದ ಕ್ಯಾಚ್ ಸರ್ಟಿಫಿಕೇಟ್ ಇಲ್ಲದೆ ಒಂದು ಬೊಂಡಾಸ್ (ಸ್ಕ್ವಿಡ್) ಕೂಡ ಒಳಗೆ ಬಿಡುವುದಿಲ್ಲ. ಯಾವ ಬೋಟ್, ಎಲ್ಲಿ ಹಿಡಿದದ್ದು, ಯಾವಾಗ, ಎಷ್ಟು ಎಲ್ಲ ಬರೆಯಬೇಕು. ನಮ್ಮಲ್ಲಿ ಎಂಪೆಡಾ (ಕಡಲ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಅದಕ್ಕೆ ಮುದ್ರೆ ಹಾಕಬೇಕು. ಒಂದು ದೇಶ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಅನ್ನಿಸಿದರೆ ಮೊದಲು ಹಳದಿ ಕಾರ್ಡ್, ಆಮೇಲೆ ಕೆಂಪು. ಶ್ರೀಲಂಕಾಕ್ಕೆ ಕೆಂಪು ಬಿದ್ದು 2015ರ ಜನವರಿಯಿಂದ ಮೀನು ಹೋಗುವುದೇ ನಿಂತಿತ್ತು, ಮರುವರ್ಷ ತೆಗೆದರು. ಥಾಯ್ಲೆಂಡ್ 2015ರಲ್ಲಿ ಹಳದಿ ಬಿದ್ದ ಮೇಲೆ ತನ್ನ ಮೀನುಗಾರಿಕೆ ಕಾನೂನನ್ನೇ ತಿರುಗಿಸಿ ಬರೆಯಿತು.

ಇದು ಯಾವ ಅಂತರರಾಷ್ಟ್ರೀಯ ಸಂಸ್ಥೆಯೂ ಅಲ್ಲ, ಮಾಲು ಕೊಳ್ಳುವವರು ಮಾಡಿದ ನಿಯಮ. ಜಿನೀವಾಕ್ಕೆ ಬೇಡ ಅನ್ನಬಹುದು. ಮಾಲು ತೆಗೆದುಕೊಳ್ಳುವವನಿಗೆ ಬೇಡ ಅಂದರೆ ಅವನು ಆಯಿತು ಅಂತ ಹೇಳಿ ಇಕ್ವೆಡಾರಿನಿಂದ ತರಿಸಿಕೊಳ್ಳುತ್ತಾನೆ. ಹಾಗಾಗಿ ಜಿನೀವಾದಲ್ಲಿ ಕೂತು ಜಗಳ ಮಾಡುವುದೇ ಒಳ್ಳೆಯದು ಮಾರಾಯ್ರೆ. ಅಲ್ಲಿ ನಮ್ಮ ಮಾತಿಗೂ ಒಂದು ಕುರ್ಚಿ ಉಂಟು. ಯುರೋಪಿನ ಒಕ್ಕೂಟದ ನಿಯಮ ಆಗುವ ಬ್ರಸೆಲ್ಸಿನಲ್ಲಿ ಅದೂ ಇಲ್ಲ.


ಅಜ್ಜರಕಾಡು_ಮೇಷ್ಟ್ರು

ಹುಡುಗರು ಯಾರು ಆರಿಸಿದ್ದು ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಪಾಠ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ವಿಶ್ವಸಂಸ್ಥೆ, ಐಎಂಎಫ್ (ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ), ಡಬ್ಲ್ಯುಟಿಒ ಎಲ್ಲ ಒಂದೇ ಜಾತಿಯವು ಅಂತ ಜನ ತಿಳಿದಿರುತ್ತಾರೆ. ಒಂದೊಂದರಲ್ಲಿ ತೀರ್ಮಾನ ಆಗುವ ಕ್ರಮ ಒಂದೊಂದು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 193 ದೇಶ, ತಲೆಗೊಂದು ಓಟು. ಟೊಂಗಾಕ್ಕೂ ಒಂದು, ನಮಗೂ ಒಂದು. ಆದರೆ ಅಲ್ಲಿ ಆಗುವ ಹೆಚ್ಚಿನ ನಿರ್ಣಯಗಳು ಬರೀ ಅಭಿಪ್ರಾಯ. ಕೈಕಾಲು ಇರುವುದು ಭದ್ರತಾ ಮಂಡಳಿಗೆ, ಅಲ್ಲಿ 15 ಜನ, ಅದರಲ್ಲಿ ಐವರಿಗೆ ವೀಟೊ, 1945ರಲ್ಲಿ ಯುದ್ಧ ಗೆದ್ದವರು ತಮಗೆ ತಾವೇ ಬರೆದುಕೊಂಡದ್ದು. ಐಎಂಎಫಿನಲ್ಲಿ ಹಾಕಿದ ದುಡ್ಡಿಗೆ ತಕ್ಕ ಓಟು. ಅಮೆರಿಕದ ಹತ್ತಿರ ಶೇ. 16ರ ಮೇಲೆ ಉಂಟು, ದೊಡ್ಡ ತೀರ್ಮಾನಕ್ಕೆ ಶೇ. 85 ಬೇಕು, ಲೆಕ್ಕ ನೀವೇ ಹಾಕಿ. ವೀಟೊ ಅಂತ ಎಲ್ಲೂ ಬರೆಯದೆಯೇ ವೀಟೊ ಸಿಕ್ಕಿತು. ನಮ್ಮದು ಶೇ. 2.6ರ ಹತ್ತಿರ ಉಂಟು.

ಇದಕ್ಕೆಲ್ಲ ಹೋಲಿಸಿದರೆ ಡಬ್ಲ್ಯುಟಿಒದ ಕ್ರಮವೇ ಬಡವರಿಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಬ್ಬ ಬೇಡ ಅಂದರೂ ನಿಲ್ಲುತ್ತದೆ. ಆದರೆ ಅದೇ ಕ್ರಮ ಅದರ ಕತ್ತು ಹಿಸುಕಿದ್ದೂ ಹೌದು. ಡಬ್ಲ್ಯುಟಿಒದಲ್ಲಿ ಕೇಸಿಗೆ ಎರಡು ಹಂತ. ಮೊದಲು ಒಂದು ಸಮಿತಿ ತೀರ್ಪು ಕೊಡುತ್ತದೆ. ಒಪ್ಪದವರು ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಲ್ಲಿ ಏಳು ಜನ, ಒಂದು ಕೇಸು ಕೇಳಲು ಮೂವರು ಬೇಕು. ಅವರನ್ನು ನೇಮಿಸಲೂ ಎಲ್ಲರ ಒಪ್ಪಿಗೆ ಬೇಕು. ಅಮೆರಿಕ ಹೊಸಬರ ನೇಮಕಕ್ಕೆ ಬೇಡ ಅನ್ನುತ್ತಾ ಹೋಯಿತು, ಇದ್ದವರ ಅವಧಿ ಮುಗಿಯುತ್ತಾ ಹೋಯಿತು, 2019ರ ಡಿಸೆಂಬರ್‌ನಲ್ಲಿ ಮೂವರೂ ಉಳಿಯಲಿಲ್ಲ. 2020ರ ನವೆಂಬರ್ ಕೊನೆಗೆ ಒಬ್ಬರೂ ಇಲ್ಲ. ಅಂದಿನಿಂದ ಗುರಿ ಮುಟ್ಟುವ ಮಂಜೊಟ್ಟಿಯಲ್ಲಿ ತೀರ್ಪುಗಾರರೇ ಇಲ್ಲದ ಕಂಬಳ ಅದು. ಸೋತವನು ನಾನು ಮೇಲ್ಮನವಿ ಹಾಕಿದ್ದೇನೆ ಅಂದರೆ ಸಾಕು, ಕೇಳುವವರು ಇಲ್ಲದ ಕಾರಣ ಕೇಸು ಅಲ್ಲೇ ತೂಗುತ್ತಾ ಇರುತ್ತದೆ.

ಅಮೆರಿಕವನ್ನು ಬೈಯುವ ಮೊದಲು ಒಂದು ಮಾತು. ಈ ತೂಗುಯ್ಯಾಲೆಯಲ್ಲಿ ನಾವೂ ಕೂತಿದ್ದೇವೆ. ಸಕ್ಕರೆ ಸಬ್ಸಿಡಿ ವಿಷಯದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ನಮ್ಮ ಮೇಲೆ ಕೇಸು ಹಾಕಿದ್ದವು. 2021ರ ಡಿಸೆಂಬರ್‌ನಲ್ಲಿ ನಾವು ಸೋತೆವು. ಆಮೇಲೆ ಮೇಲ್ಮನವಿ ಹಾಕಿದೆವು. ಯಾರ ಮುಂದೆ? ಖಾಲಿ ಕುರ್ಚಿಗಳ ಮುಂದೆ. ಕಬ್ಬಿನವರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಅಮೆರಿಕ 2025ರ ಆಗಸ್ಟ್‌ನಲ್ಲಿ ನಮ್ಮ ಮಾಲಿನ ಮೇಲೆ ಶೇ. 50 ಸುಂಕ ಹೇರಿದಾಗ ಸಿಗಡಿಯವರು ಓಡಿ ಹೋಗಿ ಕೂಗಿಕೊಳ್ಳಲು ಆ ಬಾಗಿಲು ಇರಲಿಲ್ಲ. ಒಂದೇ ಬೀಗ, ಎರಡು ಕಡೆಯಿಂದಲೂ ಹಾಕಿದ್ದು.


ಹೊಯ್ಗೆಬಜಾರ್_ಐಸ್

ಮೇಷ್ಟ್ರೇ, ಆ ಬಾಗಿಲು ತೆರೆದಿದ್ದರೂ ತೀರ್ಪು ಬರುವಾಗ ಎರಡು ಮೂರು ವರ್ಷ. ಅಷ್ಟರಲ್ಲಿ ಮಾಲು ಕಳಿಸುವವನ ಬ್ಯಾಂಕ್ ಖಾತೆ ಎನ್‌ಪಿಎ, ಅಂದರೆ ಸಾಲ ಕಟ್ಟಲಾಗದ ಖಾತೆ. ಮತ್ತೆ ಗೆದ್ದರೂ ಸಿಗುವುದು ಎಂತ? ಅವರ ಮಾಲಿನ ಮೇಲೆ ನಾವೂ ಅಷ್ಟೇ ಸುಂಕ ಹಾಕಬಹುದು ಅಂತ ಒಂದು ಅನುಮತಿ. ನಮ್ಮ ಜೇಬಿಗೆ ಒಂದು ರೂಪಾಯಿ ಬರುವುದಿಲ್ಲ.


ಅಜ್ಜರಕಾಡು_ಮೇಷ್ಟ್ರು

ಅದು ಹೌದು. ದಂಡ ಅಂತ ಡಬ್ಲ್ಯುಟಿಒದಲ್ಲಿ ಇಲ್ಲವೇ ಇಲ್ಲ, ವಾಟ್ಸಾಪಿನವರು ಅದನ್ನೂ ಸೇರಿಸಿದ್ದಾರೆ.


ಕೋಡಿಬೆಂಗ್ರೆ_ದೋಣಿ

ಎಲ್ಲರೂ ಜಿನೀವಾ, ಬ್ರಸೆಲ್ಸ್ ಅಂತ ತಿರುಗಾಡಿ ಬಂದಿರಿ. ಸ್ವಲ್ಪ ಕಡಲ ಕಡೆಯೂ ನೋಡಿ.

ನಾವು ನಾಡದೋಣಿಯವರು. ಬೆಳಕು ಹಾಕಿ ಮೀನು ಹಿಡಿಯಬಾರದು, ಎರಡು ಬೋಟು ಸೇರಿ ಬುಲ್ ಟ್ರಾಲ್ ಮಾಡಬಾರದು ಅಂತ ಕೇಂದ್ರ ಸರಕಾರ 2017ರಲ್ಲೇ ಆದೇಶ ಮಾಡಿದೆ. ಯಾವ ವಿದೇಶದವರೂ ಬಂದು ಹೇಳಿದ್ದಲ್ಲ, ನಮ್ಮದೇ ಆದೇಶ. ರಾತ್ರಿ ಕಡಲ ಕಡೆ ಮುಖ ಮಾಡಿ ನಿಂತರೆ ಗೊತ್ತಾಗುತ್ತದೆ ಅದು ಎಷ್ಟು ಪಾಲನೆ ಆಗುತ್ತಿದೆ ಅಂತ. ಜೂನ್ 1ರಿಂದ ಜುಲೈ 31ರ ವರೆಗೆ ರಜೆ, ಅದನ್ನು ಪಾಲಿಸುತ್ತಾರೆ, ಯಾಕೆಂದರೆ ಆಗ ಡೀಸೆಲ್ ಕೊಡುವುದಿಲ್ಲ, ಕಡಲೂ ಬಿಡುವುದಿಲ್ಲ. ಉಳಿದ ಹತ್ತು ತಿಂಗಳು ಕೇಳುವವರಿಲ್ಲ. ಬೂತಾಯಿ ಮೀನಿನ ಮರಿಯನ್ನೂ ಬಾಚಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹಾಕುತ್ತಾರೆ, ಆಮೇಲೆ ಮತ್ಸ್ಯಕ್ಷಾಮ ಅಂತ ಪೇಪರಿನಲ್ಲಿ ಬರೆಸುತ್ತಾರೆ.

ಪಡುಕೆರೆಯ ತಮ್ಮನಿಗೆ ಬೇಸರ ಆಗುವುದು ಬೇಡ, ಆದರೆ ಜಾಸ್ತಿ ಡೀಸೆಲ್ ಹೋಗುವುದು ಯಾರಿಗೆ? ದೊಡ್ಡ ಬೋಟಿಗೆ. ಭಾರತ ಜಿನೀವಾದಲ್ಲಿ ಬಡ ಮೀನುಗಾರರ ಹೆಸರು ಹೇಳಿ ಹೋರಾಡುತ್ತದೆ, ಒಳ್ಳೆಯದೇ. ಆ ಬಡ ಮೀನುಗಾರ ನಾನು. ನನ್ನ ಹೆಸರಿನಲ್ಲಿ ಉಳಿದದ್ದು ಯಾರ ಟ್ಯಾಂಕಿಗೆ ಹೋಗುತ್ತದೆ ಅಂತ ಕೂಡ ಯಾರಾದರೂ ಕೇಳಲಿ.


ಪಡುಕೆರೆ_ಹುಡುಗ

ಬೇಸರ ಎಂತ ಇಲ್ಲ ಅಣ್ಣ. ನಮ್ಮದು ಲೈಟ್ ಬೋಟ್ ಅಲ್ಲ. ಆದರೆ ನಮ್ಮ ಬೋಟಿನಲ್ಲೂ ದುಡಿಯುವ ಕಲಾಸಿಗಳ ಸಹಿತ ಹತ್ತು ಮನೆಯ ಒಲೆ ಉರಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.


ಸುರತ್ಕಲ್_ಚೀಫ್‌ಮೇಟ್

ಮರ್ಚೆಂಟ್ ನೇವಿಯಲ್ಲಿ ಇದ್ದೇನೆ, ಈಗ ರಜೆಯಲ್ಲಿ ಊರಲ್ಲಿ. ಪೊಲೀಸ್ ಇಲ್ಲದೆ ಕಾನೂನು ಹೇಗೆ ನಡೆಯುತ್ತದೆ ಅಂತ ಕೇಳಿದ್ದೀರಿ ಅಲ್ವಾ, ಅದಕ್ಕೆ ಹಡಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಡಗಿನ ಸುರಕ್ಷತೆ, ಎಣ್ಣೆ ಚೆಲ್ಲುವುದು, ಅಧಿಕಾರಿಗಳ ತರಬೇತಿ ಎಲ್ಲದರ ನಿಯಮ ಮಾಡುವುದು ಲಂಡನ್ನಿನಲ್ಲಿರುವ ಐಎಂಒ. ವಿಶ್ವಸಂಸ್ಥೆಗೆ ಸೇರಿದ ಸಂಸ್ಥೆ. ಅವರ ಹತ್ತಿರ ಒಂದು ದೋಣಿ ಕೂಡ ಇಲ್ಲ. ನಿಯಮ ಪಾಲನೆ ಮಾಡಿಸಬೇಕಾದ್ದು ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ. ಈಗ ಜಗತ್ತಿನ ಹಡಗುಗಳ ದೊಡ್ಡ ಪಾಲು ಯಾವ ಬಾವುಟದಲ್ಲಿ ಉಂಟು ಗೊತ್ತಾ? ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪ. ಮಾಲಿಕ ಗ್ರೀಸಿನಲ್ಲಿ, ಕಂಪನಿ ಇನ್ನೆಲ್ಲೋ, ನಾವಿಕರು ಫಿಲಿಪೀನ್ಸ್, ಮಂಗಳೂರು, ಕೇರಳದವರು. ತೆರಿಗೆ ಕಡಿಮೆ, ತಲೆಬಿಸಿ ಕಡಿಮೆ ಅಂತ ಆ ಬಾವುಟ.

ಹಾಗಾದರೆ ಎಲ್ಲ ಕಾಗದದಲ್ಲೇ ಉಳಿಯಬೇಕಿತ್ತು. ಉಳಿದಿಲ್ಲ. ಯಾಕೆಂದರೆ ಹಡಗು ಎಲ್ಲಾದರೂ ಒಂದು ಬಂದರಿಗೆ ಬರಲೇಬೇಕು. ಬಂದಾಗ ಆ ಬಂದರಿನ ದೇಶದ ಸರ್ವೇಯರ್ ಹತ್ತಿ ಬರಬಹುದು. ಮಂಗಳೂರಿನ ಪಣಂಬೂರು ಬಂದರಿನಲ್ಲೂ ಬರುತ್ತಾರೆ. ಲೈಫ್‌ಬೋಟ್ ಇಳಿಸಿ ತೋರಿಸಿ ಅನ್ನುತ್ತಾರೆ, ಎಣ್ಣೆ ದಾಖಲೆ ಪುಸ್ತಕ ನೋಡುತ್ತಾರೆ, ಅಡಿಗೆಮನೆ ನೋಡುತ್ತಾರೆ, ನಾವಿಕರಿಗೆ ಸಂಬಳ ಆಗಿದೆಯಾ ಕೇಳುತ್ತಾರೆ. ಸರಿ ಇಲ್ಲದಿದ್ದರೆ ಹಡಗು ಹೊರಡುವ ಹಾಗಿಲ್ಲ. ನಾನು ಇದ್ದ ಒಂದು ಹಡಗನ್ನು ಆಸ್ಟ್ರೇಲಿಯಾದಲ್ಲಿ ಹೀಗೆ ಹಿಡಿದಿಟ್ಟಿದ್ದರು. ಲೈಫ್‌ಬೋಟಿನ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಕಂಪನಿಗೆ ನಾವು ಎಷ್ಟೋ ತಿಂಗಳಿಂದ ಬರೆಯುತ್ತಿದ್ದೆವು, ಸ್ಪೇರ್ ಕಳಿಸಿರಲಿಲ್ಲ. ಹಿಡಿದಿಟ್ಟ ಮರುದಿನವೇ ವಿಮಾನದಲ್ಲಿ ಬಂತು. ಹಡಗು ಸುಮ್ನೆ ನಿಂತರೆ ಒಂದೊಂದು ದಿನಕ್ಕೂ ಲಕ್ಷಗಟ್ಟಲೆ ನಷ್ಟ, ಆ ಭಾಷೆ ಮಾಲಿಕರಿಗೆ ಬೇಗ ತಿಳಿಯುತ್ತದೆ. ಇನ್ನೊಂದು ಕೈ ವಿಮೆಯವರದ್ದು. ಸರ್ಟಿಫಿಕೇಟ್ ಇಲ್ಲದಿದ್ದರೆ ವಿಮೆ ಇಲ್ಲ, ವಿಮೆ ಇಲ್ಲದ ಹಡಗಿಗೆ ಯಾರೂ ಸರಕು ಕೊಡುವುದಿಲ್ಲ.

ನಾವಿಕರ ವಿಷಯದಲ್ಲಿ ಇದರಿಂದ ನಿಜವಾಗಿ ಉಪಕಾರ ಆಗಿದೆ, ಹೇಳಲೇಬೇಕು. ಐಎಲ್‌ಒದ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 2006ರ ಒಪ್ಪಂದ ಉಂಟು, ಭಾರತ 2015ರಲ್ಲಿ ಸೇರಿತು. 2017ರಿಂದ ಅದಕ್ಕೆ ಇನ್ನೊಂದು ಸೇರ್ಪಡೆ ಬಂತು. ಮಾಲಿಕ ಹಡಗನ್ನು ಎಲ್ಲೋ ಬಿಟ್ಟು ಓಡಿಹೋದರೆ ನಾವಿಕರ ನಾಲ್ಕು ತಿಂಗಳ ವರೆಗಿನ ಸಂಬಳಕ್ಕೆ ಮತ್ತು ಮನೆಗೆ ಬರುವ ಖರ್ಚಿಗೆ ಮೊದಲೇ ವಿಮೆ ಮಾಡಿರಬೇಕು, ಆ ಕಾಗದ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಹಡಗಿಗೆ ಹೋಗುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಹತ್ತಿದ ಕೂಡಲೇ ಆ ಕಾಗದ ಹುಡುಕಿ ಫೋಟೊ ತೆಗೆದಿಟ್ಟುಕೊಳ್ಳಿ.

ಆದರೆ ಅದರ ತೂತು ಎಷ್ಟು ದೊಡ್ಡದು ಅಂತ 2025ರ ಮಳೆಗಾಲದಲ್ಲಿ ನಮ್ಮ ಎದುರೇ ಕಂಡಿತು. ಮೇ 25ಕ್ಕೆ ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನುವ ಸರಕು ಹಡಗು ಮುಳುಗಿತು, ಆರು ನೂರಕ್ಕೂ ಜಾಸ್ತಿ ಕಂಟೇನರ್, ಪ್ಲಾಸ್ಟಿಕ್ ಹರಳು ದಕ್ಷಿಣ ಕೇರಳದ ದಡಕ್ಕೆಲ್ಲ ಬಂದು ಬಿತ್ತು. ಲೈಬೀರಿಯಾ ಬಾವುಟ. ಎಂಎಸ್‌ಸಿ ಕಂಪನಿಯ ಮುಖ್ಯ ಕಚೇರಿ ಇರುವುದು ಎಲ್ಲಿ? ಜಿನೀವಾದಲ್ಲೇ! ಅದಾಗಿ ಎರಡು ವಾರಕ್ಕೆ, ಜೂನ್ 9ಕ್ಕೆ, ಕಣ್ಣೂರಿನ ಎದುರು ವಾನ್ ಹೈ 503 ಅನ್ನುವ ಹಡಗಿಗೆ ಬೆಂಕಿ. ಅದು ಸಿಂಗಾಪುರದ ಬಾವುಟ. ಅದರಲ್ಲಿದ್ದ 22 ಜನರಲ್ಲಿ 18 ಜನರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿಗೆ ತಂದದ್ದು ನಿಮಗೆಲ್ಲ ಗೊತ್ತೇ ಉಂಟು.

ಎಲ್ಸಾ 3ಕ್ಕೆ ಕೇರಳ ಸರಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಆದರೆ ಹಡಗಿನ ಮಾಲಿಕ ಕೊಡಬೇಕಾದ ಪರಿಹಾರಕ್ಕೆ ಒಂದು ಅಂತರರಾಷ್ಟ್ರೀಯ ಮಿತಿ ಉಂಟು, 1976ರ ಒಪ್ಪಂದ, ಭಾರತವೂ ಅದರಲ್ಲಿ ಸೇರಿದೆ. ಮಿತಿ ಲೆಕ್ಕ ಹಾಕುವುದು ಎಷ್ಟು ಹಾನಿ ಆಯಿತು ಅಂತ ನೋಡಿ ಅಲ್ಲ, ಹಡಗು ಎಷ್ಟು ದೊಡ್ಡದು ಅಂತ ನೋಡಿ. ಮೀನುಗಾರನ ನಷ್ಟಕ್ಕೆ ಮಿತಿ ಹಾಕುವ ಕಾಗದಕ್ಕೆ ನಮ್ಮವರೇ ಸಹಿ ಹಾಕಿದ್ದಾರೆ. ಅಲ್ಲಿ ಕೈಗೆ ಸಿಕ್ಕಿದ ಹಿಡಿ ಒಂದೇ. ಅದೇ ಗುಂಪಿನ ಇನ್ನೊಂದು ಹಡಗು ವಿಳಿಂಜಂ ಬಂದರಿನಲ್ಲಿ ಇತ್ತು, ಎಂಎಸ್‌ಸಿ ಅಕಿಟೆಟಾ 2, ಅದನ್ನು ಕೇರಳ ಹೈಕೋರ್ಟ್ ಹಿಡಿದಿಡಲು ಹೇಳಿತು. ಪುನಃ ಅದೇ, ಬಂದರು.


ಗಂಗೊಳ್ಳಿ_ಗಾಳ

ಕೇರಳ ಅಂದಾಗ ನೆನಪಾಯಿತು. ಇಟಲಿಯ ಸೈನಿಕರು ನಮ್ಮ ಇಬ್ಬರು ಮೀನುಗಾರರನ್ನು ಗುಂಡು ಹಾರಿಸಿ ಕೊಂದರಲ್ಲ, ಅವರು ಆರಾಮವಾಗಿ ಊರಿಗೆ ಹೋದರು. ಇದೆಲ್ಲ ದೊಡ್ಡವರು ದೊಡ್ಡವರಿಗಾಗಿ ಮಾಡಿಕೊಂಡ ಕಾನೂನು. ಇಷ್ಟು ಉದ್ದ ಬರೆಯುವ ಅಗತ್ಯವೇ ಇಲ್ಲ.


ಬಂದರು_ವಕೀಲ

ಸಿಟ್ಟು ಬರುವ ಕೇಸೇ ಅದು. ಆದರೆ ಪೂರ್ತಿ ಹೇಳಿ.

2012ರ ಫೆಬ್ರವರಿ 15. ಎನ್ರಿಕಾ ಲೆಕ್ಸಿ ಅನ್ನುವ ಇಟಲಿಯ ಟ್ಯಾಂಕರ್, ದಡದಿಂದ ಸುಮಾರು 20 ನಾಟಿಕಲ್ ಮೈಲಿ ದೂರ. ನಮ್ಮ ಪೂರ್ತಿ ಅಧಿಕಾರ ಇರುವುದು 12 ಮೈಲಿಯ ವರೆಗೆ. ಅಲ್ಲಿಂದ 200ರ ವರೆಗೆ ಮೀನು, ಎಣ್ಣೆ, ಅನಿಲದ ಮೇಲೆ ಮಾತ್ರ ನಮ್ಮ ಹಕ್ಕು, ಹಡಗು ಓಡಾಡಲು ಎಲ್ಲರಿಗೂ ಬಿಡುಗಡೆ. ಇದು 1982ರ ಸಮುದ್ರ ಕಾನೂನು ಒಪ್ಪಂದ, ನಾವು 1995ರಲ್ಲಿ ಒಪ್ಪಿದ್ದು. ಅಮೆರಿಕ ಇವತ್ತಿಗೂ ಒಪ್ಪಿಲ್ಲ, ಆದರೂ ಉಳಿದವರಿಗೆ ಅದರ ಬಗ್ಗೆ ಭಾಷಣ ಮಾಡುತ್ತದೆ, ಅದು ಬೇರೆ ಕಥೆ. ಇಟಲಿ ಹ್ಯಾಂಬರ್ಗಿನ ಸಮುದ್ರ ನ್ಯಾಯಮಂಡಳಿಗೆ, ಆಮೇಲೆ ಹೇಗ್‌ನ ಮಧ್ಯಸ್ಥಿಕೆ ಪಂಚಾಯಿತಿಗೆ ಹೋಯಿತು. 2020ರಲ್ಲಿ ತೀರ್ಪು ಬಂತು. ಐವರು ತೀರ್ಪುಗಾರರಲ್ಲಿ ಮೂವರು, ಇವರು ಸರಕಾರದ ಕೆಲಸದಲ್ಲಿದ್ದ ಸೈನಿಕರು, ಭಾರತದ ಕೋರ್ಟ್ ವಿಚಾರಣೆ ಮಾಡುವ ಹಾಗಿಲ್ಲ ಅಂದರು. ಇಬ್ಬರು ಒಪ್ಪಲಿಲ್ಲ. ಆದರೆ ನಮ್ಮ ದೋಣಿಯ ಓಡಾಟದ ಹಕ್ಕನ್ನು ಇಟಲಿ ಮುರಿದಿದೆ, ಪರಿಹಾರ ಕೊಡಬೇಕು ಅಂತಲೂ ಅದೇ ತೀರ್ಪಿನಲ್ಲಿ ಹೇಳಿದರು. ಇಟಲಿ 10 ಕೋಟಿ ರೂಪಾಯಿ ಕೊಟ್ಟಿತು. ಎರಡು ಕುಟುಂಬಕ್ಕೆ ನಾಲ್ಕು ನಾಲ್ಕು ಕೋಟಿ, ದೋಣಿಯ ಮಾಲಿಕನಿಗೆ ಎರಡು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು.

ನ್ಯಾಯ ಆಯಿತಾ ಅಂದರೆ ನನಗೂ ಸಮಾಧಾನ ಇಲ್ಲ. ಆದರೆ ಆ ಒಪ್ಪಂದವೇ ಇಲ್ಲದಿದ್ದರೆ 12 ಮೈಲಿಯ ಆಚೆ ವಿದೇಶಿ ಟ್ರಾಲರ್ ಬಂದು ಅಂಜಲ್, ಪಾಂಬೋಲ್ ಮೀನು ಎಲ್ಲ ಬಾಚಿಕೊಂಡು ಹೋಗುತ್ತಿದ್ದರೆ ಯಾವ ಹೆಸರಿನಲ್ಲಿ ತಡೆಯುತ್ತಿದ್ದಿರಿ? ಗಂಗೊಳ್ಳಿಯಿಂದ 200 ಮೈಲಿಯ ವರೆಗಿನ ಮೀನು ನಮ್ಮದು ಅಂತ ಜಗತ್ತು ಒಪ್ಪಿಕೊಂಡದ್ದೂ ಅದೇ ಕಾಗದದಲ್ಲಿ.


ಗಂಗೊಳ್ಳಿ_ಗಾಳ

200 ಮೈಲಿ ನಮ್ಮದು ಅನ್ನುತ್ತೀರಿ, ಗೋವಾದ ಗಡಿ ದಾಟಿದರೆ ಅವರು ಬೋಟು ಹಿಡಿದು ದಂಡ ಹಾಕುತ್ತಾರೆ. ಮೊದಲು ಅದಕ್ಕೊಂದು ಒಪ್ಪಂದ ಮಾಡಿಸಿ ಮಾರಾಯ್ರೆ.


ಬಂದರು_ವಕೀಲ

ಹಹ್ಹ, ಅದು ಜಿನೀವಾಕ್ಕಿಂತ ಕಷ್ಟ. 12 ಮೈಲಿಯ ಒಳಗೆ ಮೀನುಗಾರಿಕೆ ರಾಜ್ಯದ ವಿಷಯ, ಗೋವಾದ ನಿಯಮ ಗೋವಾದ್ದು. ಆಚೆ ಕೇಂದ್ರದ್ದು.

ಪಡುಕೆರೆಯವರಿಗೆ ಇನ್ನೆರಡು ವಿಷಯ ಹೇಳಿ ಮುಗಿಸುತ್ತೇನೆ. ಒಂದು, ಆ ಸಬ್ಸಿಡಿ ಒಪ್ಪಂದದೊಳಗೆ ಒಂದು ಗಡುವು ಉಂಟು. ಜಾರಿಗೆ ಬಂದ ನಾಲ್ಕು ವರ್ಷದೊಳಗೆ ಎರಡನೇ ಭಾಗ ಆಗದಿದ್ದರೆ ಮೊದಲನೆಯದೂ ಬಿದ್ದುಹೋಗುತ್ತದೆ, ಮುಂದುವರಿಸೋಣ ಅಂತ ಸದಸ್ಯರೆಲ್ಲ ಸೇರಿ ತೀರ್ಮಾನ ಮಾಡಿದರೆ ಬೇರೆ. ಅಂದರೆ 2029ರ ಸೆಪ್ಟೆಂಬರ್ ವರೆಗೆ ಈ ಚೌಕಾಶಿ ನಡೆಯುತ್ತಾ ಇರುತ್ತದೆ. ಇನ್ನೂ ಹತ್ತು ಸಲ ಈ ಮೆಸೇಜ್ ಬರುತ್ತದೆ, ಪ್ರತಿ ಸಲ ಹೆದರಬೇಡಿ.

ಎರಡು, ನಿಮಗೆ ನಿಜವಾಗಿ ತಾಗುವುದು ದಿಲ್ಲಿಯಿಂದ ಬಂದದ್ದು. 2025ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ 12ರಿಂದ 200 ಮೈಲಿಯ ವರೆಗಿನ ನಮ್ಮ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮ ಮಾಡಿದೆ. ಯಾಂತ್ರಿಕ ಬೋಟುಗಳು 12 ಮೈಲಿ ದಾಟಿ ಹಿಡಿಯಬೇಕಾದರೆ ಆಕ್ಸೆಸ್ ಪಾಸ್ ಬೇಕು, ಆನ್‌ಲೈನಿನಲ್ಲಿ ರಿಯಲ್‌ಕ್ರಾಫ್ಟ್ ಪೋರ್ಟಲಿನಲ್ಲಿ ಅರ್ಜಿ. ಲೈಟ್, ಬುಲ್ ಟ್ರಾಲ್ ಅದರಲ್ಲೂ ನಿಷೇಧ. ನಾಡದೋಣಿಗೆ ಪಾಸ್ ಬೇಡ. ಯುರೋಪಿನ ಸರ್ಟಿಫಿಕೇಟಿಗೆ, ನಾಳೆ ಜಿನೀವಾದಲ್ಲಿ ವಾದ ಮಾಡಲು, ಎಲ್ಲದಕ್ಕೂ ನಮ್ಮ ಹತ್ತಿರ ಲೆಕ್ಕ ಬೇಕು. ಆ ಲೆಕ್ಕ ಶುರುವಾಗುವುದು ನಿಮ್ಮ ಬೋಟಿನಿಂದ.


ಪಡುಕೆರೆ_ಹುಡುಗ

ಪಾಸಿನ ವಿಷಯ ಬೋಟು ನಡೆಸುವ ತಾಂಡೇಲರು ಹೇಳಿದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ನಮ್ಮ ಬೋಟಿನ ನೋಂದಣಿ ಇನ್ನೂ ಚಿಕ್ಕಪ್ಪನ ಒಬ್ಬರ ಹೆಸರಿನಲ್ಲೇ ಉಂಟು, ಅಪ್ಪನ ಹೆಸರು ಸೇರಿಸಿ ಪಾಸ್ ಮಾಡಿಸುವುದಾ, ಇಲ್ಲ ಮೊದಲು ಪಾಸ್ ಮಾಡಿ ಆಮೇಲೆ ಹೆಸರು ಸೇರಿಸುವುದಾ?


ಹೊಯ್ಗೆಬಜಾರ್_ಐಸ್

ಮೊದಲು ನೋಂದಣಿ ಸರಿ ಮಾಡಿಸಿ. ಪಾಸಿನಲ್ಲಿ ಒಂದು ಹೆಸರು, ನೋಂದಣಿಯಲ್ಲಿ ಇನ್ನೊಂದು ಹೆಸರು ಇದ್ದರೆ ಕ್ಯಾಚ್ ಸರ್ಟಿಫಿಕೇಟಿನಲ್ಲಿ ನಮಗೆ ತಲೆಬಿಸಿ. ಮಲ್ಪೆಯಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಗೆ ಬೆಳಿಗ್ಗೆಯೇ ಹೋಗಿ, ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ, ಸಹಿ ಬೇಕಾಗುತ್ತದೆ.